ತಿಂಗಳು ತುಂಬದ ಕೂಸುಗಳ ಆಹಾರ: ತಕ್ಕಡಿಯ ಸಾಕ್ಷ್ಯದ ಒಂದು ವಿವೇಚನೆ

ತಾಯಿಯ ಗರ್ಭದಲ್ಲಿ ತುಂಬು ದಿನಗಳನ್ನು ಕಳೆಯದೆ ಹೊರಬಂದ ಶಿಶುವಿಗೆ ಏನನ್ನು ಉಣಿಸಬೇಕು, ಎಷ್ಟು ಉಣಿಸಬೇಕು, ಯಾವ ಮಾರ್ಗದಿಂದ ಉಣಿಸಬೇಕು ಎಂಬ ಮೂರು ಪ್ರಶ್ನೆಗಳು ಹೊರನೋಟಕ್ಕೆ ಕೇವಲ ಗೃಹಕೃತ್ಯಕ್ಕೆ ಸೇರಿದವುಗಳಂತೆ ತೋರುತ್ತವೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಂದಿನವರೆಗೆ ವೈದ್ಯಶಾಸ್ತ್ರವು ಇವುಗಳಿಗೆ ಕೊಟ್ಟ ಉತ್ತರಗಳು ಹಲವು ಬಾರಿ ಬದಲಾಗಿವೆ; ಒಂದು ತಲೆಮಾರಿನ ಸಿದ್ಧಾಂತವನ್ನು ಮುಂದಿನ ತಲೆಮಾರು ತಲೆಕೆಳಗು ಮಾಡಿದೆ. ಈ ಏರಿಳಿತಗಳ ಉದ್ದಕ್ಕೂ ವೈದ್ಯರ ಕೈಯಲ್ಲಿದ್ದ ಮುಖ್ಯವಾದ ಪ್ರಮಾಣವೆಂದರೆ ತಕ್ಕಡಿ. ತೂಕ ಏರಿದರೆ ಆಹಾರ ಸರಿ, ಇಳಿದರೆ ತಪ್ಪು ಎಂಬುದೇ ನ್ಯಾಯವಾಗಿತ್ತು. ಈ ಸಾಕ್ಷಿಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ತಿಳಿದುಬಂದುದು ಆ ಕೂಸುಗಳು ಬೆಳೆದು ದೊಡ್ಡವರಾದ ಮೇಲೆ. ಆ ತಿಳಿವಳಿಕೆಯ ಒಂದು ಮುಖ್ಯ ಭಾಗವು ಮೈಸೂರಿನ ಆಸ್ಪತ್ರೆಯೊಂದರ ಹಳೆಯ ದಫ್ತರಗಳಿಂದ ಬಂದಿತೆಂಬ ಸಂಗತಿ ಕನ್ನಡಿಗರಲ್ಲಿಯೇ ಹಲವರಿಗೆ ತಿಳಿಯದು.

ಮೊದಲು ಶಿಶುವಿನ ಸ್ಥಿತಿಯನ್ನು ಸ್ವಲ್ಪ ವಿಚಾರಿಸಬೇಕು. ಗರ್ಭದ ಅವಧಿ ಸುಮಾರು ನಲವತ್ತು ವಾರ. ಮೂವತ್ತೇಳು ವಾರ ತುಂಬುವ ಮೊದಲು ಹುಟ್ಟಿದುದನ್ನು ಅಕಾಲಜಾತವೆನ್ನುತ್ತಾರೆ. ತಾಯಿಯು ಮಗುವಿಗೆ ಕಟ್ಟಿಕೊಡುವ ಬುತ್ತಿಯಲ್ಲಿ ಬಹುಪಾಲು, ಎಂದರೆ ಕೊಬ್ಬು, ಕಬ್ಬಿಣ, ಸುಣ್ಣ, ರಂಜಕ ಇವೆಲ್ಲ, ಕೊನೆಯ ಮೂರು ತಿಂಗಳುಗಳಲ್ಲಿ ಸೇರತಕ್ಕವು. ಇಪ್ಪತ್ತೆಂಟು ವಾರದ ಶಿಶು ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ. ಅದರ ಮೈಯಲ್ಲಿ ಕೊಬ್ಬಿನ ಅಂಶ ನೂರಕ್ಕೆ ಒಂದರಷ್ಟು ಮಾತ್ರ. ದಿನ ತುಂಬಿದ ಶಿಶುವಿನಲ್ಲಿ ಅದು ನೂರಕ್ಕೆ ಹನ್ನೆರಡನ್ನು ಮೀರುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಇವು ಮೂರೂ ಒಂದಕ್ಕೊಂದು ಅಡ್ಡಬಾರದಂತೆ ಹೊಂದಿಕೊಳ್ಳುವ ಶಕ್ತಿ ಮೂವತ್ತನಾಲ್ಕನೆಯ ವಾರದ ಸುಮಾರಿಗೆ ಬರುತ್ತದೆ. ಹೀಗೆ 'ಏಳು ತಿಂಗಳ ಕೂಸು' ಕೈಯಲ್ಲಿ ಬುತ್ತಿಯಿಲ್ಲದೆ, ಉಣ್ಣುವ ವಿದ್ಯೆಯನ್ನೂ ಕಲಿಯದೆ ಬಂದಿರುತ್ತದೆ. ಆದರೆ ಮನುಷ್ಯನ ಆಯುಷ್ಯದಲ್ಲೆಲ್ಲ ಅತ್ಯಂತ ವೇಗದಿಂದ ಬೆಳೆಯಬೇಕಾದ ಕಾಲವೂ ಅದೇ. ಈ ವಿಪರ್ಯಾಸವೇ ಸಮಸ್ಯೆಯ ಮೂಲ.

ಈ ಸಮಸ್ಯೆಗೆ ವ್ಯವಸ್ಥಿತವಾಗಿ ಕೈಹಾಕಿದ ಕೀರ್ತಿ ಪ್ಯಾರಿಸ್ ನಗರಕ್ಕೆ ಸಲ್ಲುತ್ತದೆ. ಅಲ್ಲಿಯ ಮಾತೃನಿಲಯ ಹೆರಿಗೆ ಆಸ್ಪತ್ರೆಯ ವೈದ್ಯನಾಗಿದ್ದ ಸ್ತೆಫಾನ್ ತಾರ್ನಿಯೆ, ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮರಿಗಳನ್ನು ಬೆಚ್ಚಗಿಡುತ್ತಿದ್ದ ಪೆಟ್ಟಿಗೆಯನ್ನು ಕಂಡು, ಅದೇ ಮಾದರಿಯಲ್ಲಿ ಮಕ್ಕಳಿಗಾಗಿ ಕಾವುಪೆಟ್ಟಿಗೆಯನ್ನು ಮಾಡಿಸಿದನು. ೧೮೮೦ರ ಸುಮಾರಿಗೆ ಅದು ಬಳಕೆಗೆ ಬಂದಿತು. ೨೦೦೦ ಗ್ರಾಂಗಿಂತ ಕಡಮೆ ತೂಗುತ್ತಿದ್ದ ಕೂಸುಗಳಲ್ಲಿ ನೂರಕ್ಕೆ ೬೬ರಷ್ಟಿದ್ದ ಸಾವು ೩೮ಕ್ಕೆ ಇಳಿಯಿತು. ಲೋಕದ ಕಣ್ಣು ಪೆಟ್ಟಿಗೆಯ ಮೇಲೆ ಬಿದ್ದಿತು. ಆದರೆ ತಾರ್ನಿಯೆಯ ಇನ್ನೊಂದು ಕೆಲಸ ಅದಕ್ಕಿಂತ ಕಡಮೆಯದಲ್ಲ. ಚೀಪಲಾರದ ಶಿಶುವಿನ ಬಾಯಿಂದ ಹೊಟ್ಟೆಯವರೆಗೆ ಮೆತ್ತನೆಯ ರಬ್ಬರಿನ ಕೊಳವೆಯನ್ನು ಇಳಿಸಿ, ಅದರ ಮೇಲ್ತುದಿಯ ಗಾಜಿನ ಆಲಿಕೆಗೆ ಹಿಂಡಿದ ಎದೆಹಾಲನ್ನು ಹೊಯ್ಯುವ ಕ್ರಮವನ್ನು ಅವನು ೧೮೮೪ರ ಸುಮಾರಿಗೆ ಪ್ರಚಾರಕ್ಕೆ ತಂದನು. ಇಂದಿನ ಆಸ್ಪತ್ರೆಗಳಲ್ಲಿ ಕಾಣುವ ಕೊಳವೆ ಅದರ ವಂಶದ್ದೇ, ತೆಳುವಾಗಿದೆ, ಅಷ್ಟೆ.

ತಾರ್ನಿಯೆಯ ಶಿಷ್ಯ ಪಿಯೆರ್ ಬ್ಯುದಾಂ ಈ ಶಾಸ್ತ್ರಕ್ಕೆ ತಳಹದಿ ಹಾಕಿದವನು. ೧೮೯೨ರಲ್ಲಿ ಶಾರಿತೆ ಆಸ್ಪತ್ರೆಯಲ್ಲಿ ಅವನು ಹಾಲೂಡುವ ತಾಯಂದಿರಿಗಾಗಿ ಸಲಹೆಯ ಕೇಂದ್ರವೊಂದನ್ನು ತೆರೆದನು. ೧೮೯೩ರಲ್ಲಿ ಮಾತೃನಿಲಯದ ಮುಖ್ಯ ಸೂಲಗಿತ್ತಿಯಾಗಿದ್ದ ಆನ್ರಿ ಎಂಬಾಕೆ ದುರ್ಬಲ ಶಿಶುಗಳಿಗಾಗಿಯೇ ಒಂದು ವಿಭಾಗವನ್ನು ಕಟ್ಟಿದ್ದಳು. ಎರಡು ವರ್ಷಗಳ ತರುವಾಯ ಅದೂ ಬ್ಯುದಾಂನ ಆಡಳಿತಕ್ಕೆ ಬಂದಿತು. ೧೯೦೦ರಲ್ಲಿ ಅವನ ಉಪನ್ಯಾಸಗಳು ಗ್ರಂಥರೂಪದಲ್ಲಿ ಹೊರಬಂದುವು. ಮಕ್ಕಳನ್ನು ತೂಕಕ್ಕನುಸಾರವಾಗಿ ವಿಂಗಡಿಸಿ, ಯಾವ ತೂಕಕ್ಕೆ ಎಷ್ಟು ಹಾಲು ಎಂಬುದನ್ನು ಅವನು ದಿನದಿನದ ಲೆಕ್ಕದಿಂದ ನಿರ್ಧರಿಸಲು ಯತ್ನಿಸಿದನು. ಹಾಲು ಸಾಲದಿದ್ದರೆ ಕೂಸು ನೀಲಿಗಟ್ಟುತ್ತದೆ, ಮಿತಿಮೀರಿದರೆ ಜೀರ್ಣಶಕ್ತಿ ಕೆಡುತ್ತದೆ ಎಂಬುದನ್ನು ಕಂಡು ಬರೆದನು. ತಕ್ಕಡಿಯನ್ನು ನ್ಯಾಯಪೀಠಕ್ಕೆ ಏರಿಸಿದವನು ಬ್ಯುದಾಂ ಎಂದರೆ ತಪ್ಪಾಗದು. ಆದರೆ ಅವನ ಲೆಕ್ಕದಲ್ಲಿ ಹಾಲೆಂದರೆ ಎದೆಹಾಲು, ತಾಯಿಯದಾಗಲಿ ದಾದಿಯದಾಗಲಿ. ಕೂಸಿನಿಂದ ಅಗಲಿಸಲ್ಪಟ್ಟ ತಾಯಿಗೆ ಅದರ ಮೇಲಿನ ಮಮತೆಯೂ ಹಾಲೂ ಎರಡೂ ಬತ್ತುವುವೆಂಬುದನ್ನು ಗಮನಿಸಿ, ತಾಯಂದಿರು ಆಸ್ಪತ್ರೆಗೆ ಬಂದು ಮಗುವನ್ನು ನೋಡಬೇಕು, ಹಾಲನ್ನು ಉಳಿಸಿಕೊಳ್ಳಬೇಕು ಎಂದು ಅವನು ಒತ್ತಿ ಹೇಳಿದನು. ಬ್ಯುದಾಂನ ತಕ್ಕಡಿಯನ್ನು ಮುಂದಿನವರು ತೆಗೆದುಕೊಂಡರು, ತಾಯಿಯನ್ನು ಬಾಗಿಲಾಚೆ ನಿಲ್ಲಿಸಿದರು.

ಈ ಮಧ್ಯೆ ಒಂದು ವಿಚಿತ್ರ ಪ್ರಸಂಗವೂ ನಡೆಯಿತು. ಮಾರ್ಟಿನ್ ಕೌನಿ ಎಂಬಾತ ಅಕಾಲಜಾತ ಶಿಶುಗಳನ್ನು ಕಾವುಪೆಟ್ಟಿಗೆಗಳಲ್ಲಿಟ್ಟು, ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ವಿಹಾರಸ್ಥಳದಲ್ಲಿ ೧೯೦೩ರಿಂದ ೧೯೪೩ರವರೆಗೆ ಟಿಕೆಟ್ಟಿಟ್ಟು ಪ್ರದರ್ಶಿಸಿದನು. ನೋಡಲು ಬಂದವರ ಹಣದಿಂದಲೇ ಮಕ್ಕಳ ಆರೈಕೆ ಸಾಗುತ್ತಿತ್ತು. ತಂದೆತಾಯಿಗಳಿಂದ ಅವನು ಕಾಸು ಪಡೆಯಲಿಲ್ಲ. ಇದು ವೈದ್ಯವೋ ಜಾತ್ರೆಯೋ ಎಂದು ಹಲವರು ಹಳಿದರು. ಆದರೆ ಅಲ್ಲಿ ಹಾಲುದಾದಿಯರನ್ನಿಟ್ಟು ಎದೆಹಾಲನ್ನೇ ಕುಡಿಸುತ್ತಿದ್ದರೆಂಬುದನ್ನು ಹಳಿಯುವವರೂ ಒಪ್ಪಬೇಕು.

ಶತಮಾನದ ಮೊದಲ ದಶಕಗಳಲ್ಲಿ ಎದೆಹಾಲಿಗೆ ಇನ್ನೂ ಮಾನ್ಯತೆಯಿದ್ದಿತು. ೧೯೦೯ರಲ್ಲಿ ವಿಯೆನ್ನಾದಲ್ಲಿ, ಮರುವರ್ಷ ಬಾಸ್ಟನ್ನಿನಲ್ಲಿ, ಎದೆಹಾಲನ್ನು ಸಂಗ್ರಹಿಸಿ ಬೇಕಾದ ಮಕ್ಕಳಿಗೆ ಹಂಚುವ ಭಾಂಡಾರಗಳು ತೆರೆದುವು. ೧೯೧೯ರಲ್ಲಿ ಫಿನ್ಲೆಂಡಿನ ವೈದ್ಯ ಆರ್ವೊ ಇಲ್ಪೊ, ೨೫೦೦ ಗ್ರಾಂಗಿಂತ ಕಡಮೆ ತೂಗುವುದೆಲ್ಲ ಅಕಾಲಜಾತವೆಂದು ಗಣಿಸಬಹುದೆಂಬ ಸೂತ್ರವನ್ನು ಮುಂದಿಟ್ಟನು. ಎರಡನೆಯ ಮಹಾಯುದ್ಧದ ತರುವಾಯ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಅಂಗೀಕರಿಸಿತು. ಎಣಿಕೆಗೆ ಅನುಕೂಲವಾದ ಈ ಸೂತ್ರದಿಂದ ಭಾರತದಂಥ ದೇಶಗಳಿಗೆ ಒಂದು ಅನರ್ಥ ಒದಗಿತು. ದಿನ ತುಂಬಿ ಹುಟ್ಟಿ, ತಾಯಿಯ ಕೃಶತೆಯಿಂದಾಗಿ ಸಣ್ಣದಾಗಿದ್ದ ಅಸಂಖ್ಯ ಕೂಸುಗಳೂ 'ಅಕಾಲಜಾತ'ಗಳ ಪಟ್ಟಿಗೆ ಸೇರಿಹೋದುವು. ಅವಸರದಿಂದ ಬಂದ ಕೂಸು ಬೇರೆ, ಅರೆಹೊಟ್ಟೆಯಲ್ಲಿ ಬೆಳೆದ ಕೂಸು ಬೇರೆ ಎಂಬ ಭೇದವನ್ನು ತಕ್ಕಡಿ ಬಲ್ಲದೆ? ೧೯೬೧ರಲ್ಲಿ ಸಂಸ್ಥೆಯೇ ಹೆಸರನ್ನು ತಿದ್ದಿ 'ಜನನದಲ್ಲಿ ಕಡಮೆ ತೂಕ' ಎಂಬ ಮಾತನ್ನು ಬಳಕೆಗೆ ತಂದಿತು.

ಎದೆಹಾಲಿನ ಪ್ರತಿಷ್ಠೆಗೆ ಬಲವಾದ ಪೆಟ್ಟು ಬಿದ್ದುದು ೧೯೪೭ರಲ್ಲಿ. ಅಮೆರಿಕದ ಗಾರ್ಡನ್, ಲೆವೀನ್ ಮೊದಲಾದವರು, ಎದೆಹಾಲು ಕುಡಿದ ಅಕಾಲಜಾತ ಶಿಶುಗಳಿಗಿಂತ ಅರ್ಧ ಕೆನೆ ತೆಗೆದ ಹಸುವಿನ ಹಾಲಿನ ಮಿಶ್ರಣವನ್ನು ಕುಡಿದವು ವೇಗವಾಗಿ ತೂಕ ಪಡೆಯುವುವೆಂದು ತೋರಿಸಿದರು. ಅವರ ತೂಕದ ಲೆಕ್ಕದಲ್ಲಿ ದೋಷವಿರಲಿಲ್ಲ. ಎದೆಹಾಲಿನಲ್ಲಿ ಸಸಾರಜನಕ ಕಡಮೆ. ಅತಿ ಸಣ್ಣ ಶಿಶುವಿಗೆ ಅದೊಂದೇ ಸಾಲದೆಂಬುದು ನಿಜವೂ ಹೌದು. ಆದರೆ ಏರಿದ ತೂಕದಲ್ಲಿ ಮಾಂಸವೆಷ್ಟು, ಮೂಳೆಯೆಷ್ಟು, ಹಸುವಿನ ಹಾಲಿನ ಲವಣಗಳಿಂದ ಮೈಯಲ್ಲಿ ನಿಂತ ನೀರೆಷ್ಟು ಎಂದು ಕೇಳಿದವರು ಆಗ ವಿರಳ. ಆ ಹೆಚ್ಚಳದಲ್ಲಿ ನೀರಿನ ಪಾಲೂ ಇದ್ದಿತೆಂದು ಮುಂದಿನ ಪರೀಕ್ಷೆಗಳಿಂದ ತಿಳಿಯಿತು. ಅಷ್ಟರೊಳಗೆ ಡಬ್ಬದ ಪುಡಿ ಹಾಲು ಪಾಶ್ಚಾತ್ಯ ಶಿಶುವಾರ್ಡುಗಳಲ್ಲಿ ನೆಲೆಯೂರಿಬಿಟ್ಟಿತ್ತು.

ಇದೇ ಕಾಲದ ಇನ್ನೊಂದು ಪದ್ಧತಿ ಇಂದು ಓದುವವರಿಗೆ ನಂಬಲಶಕ್ಯವೆನಿಸಬಹುದು. ಹಾಲು ಶ್ವಾಸಕೋಶಕ್ಕೆ ಹೋದೀತೆಂಬ ಭಯದಿಂದಲೂ, ಹುಟ್ಟಿದಾಗ ಮೈ ಬಾತಿರುವ ಕೂಸಿಗೆ ನೀರೇಕೆಂಬ ತರ್ಕದಿಂದಲೂ, ಅಕಾಲಜಾತ ಶಿಶುಗಳನ್ನು ಮೊದಲ ಎರಡು ಮೂರು ದಿನ, ಕೆಲವೆಡೆ ಅದಕ್ಕೂ ಹೆಚ್ಚು ಕಾಲ, ನಿರಾಹಾರವಾಗಿಡುತ್ತಿದ್ದರು. ಒಂದು ಕಿಲೋಗ್ರಾಂ ತೂಗುವ ಶಿಶುವಿನ ಮೈಯಲ್ಲಿರುವ ಸಂಗ್ರಹ ನಾಲ್ಕೈದು ದಿನಗಳಿಗೆ ಮೀರಿ ಬಾರದೆಂದು ೧೯೭೨ರಲ್ಲಿ ಲೆಕ್ಕಹಾಕಿ ತೋರಿಸಲಾಯಿತು. ಎಂದರೆ, ಎಚ್ಚರಿಕೆಯೆಂಬ ಹೆಸರಿನಲ್ಲಿ ಕೂಸಿನ ಬಹುಪಾಲು ಬುತ್ತಿಯನ್ನು ಬರಿದುಮಾಡಿ, ಬಳಿಕ ಉಣಿಸಲು ತೊಡಗುತ್ತಿದ್ದರು! ಬದುಕಿ ಉಳಿದವುಗಳಲ್ಲಿ ಕೆಲವಕ್ಕೆ ಕಾಲುಗಳು ಸೆಟೆದುಕೊಳ್ಳುವ ಪಾರ್ಶ್ವವಾಯುವಿನಂಥ ರೋಗ, ಕೆಲವಕ್ಕೆ ಬುದ್ಧಿಮಾಂದ್ಯ ಕಾಣಿಸುತ್ತಿತ್ತು. ಎಡಿನ್‌ಬರೋದಲ್ಲಿ ಸಿಸಿಲ್ ಡ್ರಿಲಿಯನ್ ಎಂಬ ವೈದ್ಯೆ ಇಂಥ ಮಕ್ಕಳನ್ನು ಬಿಡದೆ ಹಿಂಬಾಲಿಸಿ, ಅವುಗಳ ಬೆಳವಣಿಗೆಯ ಚರಿತ್ರೆಯನ್ನು ೧೯೬೪ರಲ್ಲಿ ಪ್ರಕಟಿಸಿದಳು. ದೋಷವನ್ನು ಅಕಾಲ ಜನನದ ಮೇಲೆ ಹೊರಿಸುವುದು ಸುಲಭವಾಗಿತ್ತು; ಉಪವಾಸವನ್ನು ಸಂದೇಹಿಸಿದವರು ಕೆಲವರೇ.

ಆ ಕೆಲವರಲ್ಲಿ ಆಕ್ಸ್‌ಫರ್ಡಿನ ವಿಕ್ಟೋರಿಯಾ ಸ್ಮಾಲ್‌ಪೀಸ್ ಮತ್ತು ಪಮೇಲಾ ಡೇವಿಸ್ ಎಂಬ ಇಬ್ಬರು ವೈದ್ಯೆಯರು ಸೇರುತ್ತಾರೆ. ಒಂದರಿಂದ ಎರಡು ಕಿಲೋಗ್ರಾಂ ತೂಕದ ಶಿಶುಗಳಿಗೆ ಜನಿಸಿದ ಎರಡು ಗಂಟೆಗಳೊಳಗೆ ನೀರು ಬೆರೆಸದ ಎದೆಹಾಲನ್ನು ಕೊಳವೆಯ ಮೂಲಕ ಕೊಡತೊಡಗಿ, ಫಲಿತಾಂಶವನ್ನು ೧೯೬೪ರಲ್ಲಿ ಅವರು ಪ್ರಕಟಿಸಿದರು. ತೂಕದ ಇಳಿತ ತಗ್ಗಿತು, ಕಾಮಾಲೆ ತಗ್ಗಿತು, ರಕ್ತದ ಸಕ್ಕರೆ ಕುಸಿಯುವುದು ತಪ್ಪಿತು. ಮುಂದೆ ೧೯೭೫ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಮಕ್ಕಳಲ್ಲಿ ಕಾಲು ಸೆಟೆಯುವ ರೋಗ ಇಳಿಮುಖವಾದುದನ್ನು ಡೇವಿಸ್ ವರದಿ ಮಾಡಿದಳು. ಬೇಗನೆ ಉಣಿಸಿದುದೊಂದೇ ಕಾರಣವೆಂದು ಹೇಳಲಾಗದು. ಕೂಸುಗಳನ್ನು ಬೆಚ್ಚಗಿಡುವ ರೀತಿಯೂ ಆ ವೇಳೆಗೆ ಸುಧಾರಿಸಿತ್ತು. ಆದರೂ ಉಪವಾಸದ ಪದ್ಧತಿ ಮತ್ತೆ ತಲೆಯೆತ್ತಲಿಲ್ಲ. ೧೯೬೮ರಲ್ಲಿ ಫಿಲಡೆಲ್ಫಿಯಾದ ವಿಲ್ಮೋರ್ ಮತ್ತು ಡುಡ್ರಿಕ್ ಎಂಬವರು ಶಿಶುವೊಂದಕ್ಕೆ ಸಮಸ್ತ ಆಹಾರವನ್ನೂ ರಕ್ತನಾಳದ ಮೂಲಕವೇ ಕೊಟ್ಟು ಬೆಳೆಸಬಹುದೆಂದು ತೋರಿಸಿದ ಮೇಲೆ, ಕರುಳು ಸಿದ್ಧವಾಗದ ಕೂಸಿಗೂ ಅನ್ನದ ದಾರಿ ತೆರೆಯಿತು.

ಒಂದು ತುದಿಯ ತಪ್ಪು ಉಪವಾಸವಾದರೆ, ಇನ್ನೊಂದು ತುದಿಯದು ಅತಿಪೋಷಣೆ. ಹೆಚ್ಚು ಸಸಾರಜನಕ ಕೊಟ್ಟಷ್ಟೂ ಒಳ್ಳೆಯದೆಂಬ ಉತ್ಸಾಹದ ಕಾಲದಲ್ಲಿ ಅಮೆರಿಕದ ಗೋಲ್ಡ್‌ಮನ್ ಮತ್ತು ಸಂಗಡಿಗರು, ದಿನಕ್ಕೆ ಕಿಲೋಗ್ರಾಂ ತೂಕಕ್ಕೆ ಆರು ಗ್ರಾಂಗಿಂತ ಮೇಲ್ಪಟ್ಟು ಸಸಾರಜನಕ ಪಡೆದ ಶಿಶುಗಳನ್ನು ಅದರ ಅರ್ಧದಷ್ಟು ಪಡೆದವುಗಳೊಡನೆ ಹೋಲಿಸಿದರು. ೧೩೦೦ ಗ್ರಾಂಗಿಂತ ಸಣ್ಣವಾಗಿ ಹುಟ್ಟಿದ ಮಕ್ಕಳಲ್ಲಿ, ಹೆಚ್ಚು ಪಡೆದವುಗಳಿಗೇ ಮುಂದೆ ಬುದ್ಧಿಪರೀಕ್ಷೆಯಲ್ಲಿ ಕಡಮೆ ಅಂಕಗಳು ಬಂದುವೆಂಬುದು ೧೯೭೪ರ ವೇಳೆಗೆ ಗೊತ್ತಾಯಿತು. ವಾರ್ಡಿನ ತಕ್ಕಡಿ ಈ ಅಪಾಯದ ಸುಳಿವನ್ನೇ ಕೊಟ್ಟಿರಲಿಲ್ಲ.

ಈ ಗೊಂದಲವನ್ನು ಬಗೆಹರಿಸಲು ಮಾಡಿದ ಪ್ರಯತ್ನಗಳಲ್ಲಿ ಕೇಂಬ್ರಿಜಿನ ಆಲನ್ ಲ್ಯೂಕಸ್ ಮತ್ತು ಸಂಗಡಿಗರದು ಅಗ್ರಗಣ್ಯವಾದುದು. ೧೯೮೨ರಿಂದ ಮೂರು ವರ್ಷ, ಇಂಗ್ಲೆಂಡಿನ ಐದು ಆಸ್ಪತ್ರೆಗಳಲ್ಲಿ, ೧೮೫೦ ಗ್ರಾಂಗಿಂತ ಕಡಮೆ ತೂಕದ ೯೨೬ ಶಿಶುಗಳನ್ನು ಅವರು ಪರೀಕ್ಷೆಗೆ ತೆಗೆದುಕೊಂಡರು. ಆಹಾರವನ್ನು ಚೀಟಿ ಎತ್ತಿದಂತೆ ಹಂಚಲಾಯಿತು: ಕೆಲವಕ್ಕೆ ದಾನವಾಗಿ ಬಂದ ಎದೆಹಾಲು, ಕೆಲವಕ್ಕೆ ಸಾಮಾನ್ಯ ಪುಡಿ ಹಾಲು, ಕೆಲವಕ್ಕೆ ಅಕಾಲಜಾತರಿಗಾಗಿಯೇ ಪುಷ್ಟಿಗೊಳಿಸಿದ ಪುಡಿ ಹಾಲು. ಸ್ವಂತ ತಾಯಿಯ ಹಾಲು ಇದ್ದಲ್ಲಿ ಅದನ್ನು ಕೊಟ್ಟು, ಕೊರತೆಯನ್ನು ಮಾತ್ರ ಇವುಗಳಿಂದ ತುಂಬಿದರು. ಈ ಭೇದ ನಡೆದುದು ಸುಮಾರು ಒಂದು ತಿಂಗಳ ಕಾಲ. ಅದರ ಗುರುತನ್ನು ಹುಡುಕಿದುದು ದಶಕಗಳವರೆಗೆ.

ಫಲಗಳು ಒಂದೇ ದಿಕ್ಕಿಗೆ ಹರಿಯಲಿಲ್ಲ. ಹದಿನೆಂಟು ತಿಂಗಳ ವಯಸ್ಸಿನಲ್ಲಿ, ಸಾಮಾನ್ಯ ಪುಡಿ ಹಾಲಿನವರಿಗಿಂತ ಪುಷ್ಟಿಗೊಳಿಸಿದುದನ್ನು ಕುಡಿದವರು ಚಲನಶಕ್ತಿಯಲ್ಲಿ ಮುಂದಿದ್ದರು. ಆದ್ದರಿಂದ ಸಣ್ಣ ಶಿಶುವಿಗೆ ಪೋಷಕಾಂಶ ಸಾಲದೆ ಹೋದರೆ ಮಿದುಳು ಬೆಲೆ ತೆರುತ್ತದೆ ಎಂಬುದು ನಿಶ್ಚಯವಾಯಿತು. ಆದರೆ ಕರುಳು ಕೊಳೆಯುವ ಭೀಕರ ರೋಗವು, ಪುಡಿ ಹಾಲನ್ನು ಮಾತ್ರ ಕುಡಿದ ಕೂಸುಗಳಲ್ಲಿ ಎದೆಹಾಲನ್ನು ಮಾತ್ರ ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚಾಗಿತ್ತೆಂದು ೧೯೯೦ರಲ್ಲಿ ಪ್ರಕಟವಾಯಿತು. ೧೯೯೨ರಲ್ಲಿ ಬಂದ ವರದಿಯಂತೆ, ಏಳೆಂಟು ವರ್ಷ ವಯಸ್ಸಿನಲ್ಲಿ, ತಾಯಿಯ ಹಾಲು ದೊರೆತಿದ್ದ ಮಕ್ಕಳ ಬುದ್ಧಿಸೂಚ್ಯಂಕವು ತಾಯಿಯ ವಿದ್ಯೆ, ಮನೆತನದ ಸ್ಥಿತಿ ಇವುಗಳ ಪ್ರಭಾವವನ್ನು ಕಳೆದ ಮೇಲೂ ೮.೩ ಅಂಕ ಹೆಚ್ಚಾಗಿತ್ತು. ಆ ಹಾಲನ್ನು ಕೊಟ್ಟುದು ಕೊಳವೆಯಿಂದ. ಆದ್ದರಿಂದ ಇದು ಮೊಲೆಯೂಡುವ ಸಾಮೀಪ್ಯದ ಫಲವೆಂದು ಹೇಳುವಂತಿರಲಿಲ್ಲ. ಹಾಲು ಕೊಡಬೇಕೆಂದು ಬಯಸಿಯೂ ಹಾಲು ಬಾರದೆ ಹೋದ ತಾಯಂದಿರ ಮಕ್ಕಳಿಗೆ ಈ ಲಾಭ ದೊರೆಯಲಿಲ್ಲವೆಂಬ ವಿವರ ಈ ಸಂಶೋಧನೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು. ಏಕೆಂದರೆ ತಾಯಿಯ ಸಂಕಲ್ಪದ ಪ್ರಭಾವವನ್ನೂ ಹಾಲಿನ ಪ್ರಭಾವವನ್ನೂ ಬೇರ್ಪಡಿಸಿ ನೋಡಲು ಅದೊಂದೇ ಎಳೆ ಸಿಕ್ಕಿತು.

ಅದೇ ಮಕ್ಕಳು ಹದಿಮೂರರಿಂದ ಹದಿನಾರು ವಯಸ್ಸಿಗೆ ಬಂದಾಗ ಇನ್ನೊಂದು ತಿರುವು ಕಾಣಿಸಿತು. ದಾನದ ಎದೆಹಾಲನ್ನು ಕುಡಿದು ನಿಧಾನವಾಗಿ ಬೆಳೆದವರ ರಕ್ತದ ಒತ್ತಡವು ಪುಷ್ಟಿಗೊಳಿಸಿದ ಪುಡಿ ಹಾಲು ಕುಡಿದು ಬೇಗ ಬೆಳೆದವರದಕ್ಕಿಂತ ಕಡಮೆಯಿದ್ದಿತೆಂದು ೨೦೦೧ರಲ್ಲಿ ಅತುಲ್ ಸಿಂಘಲ್ ಮೊದಲಾದವರು ಬರೆದರು. ೨೦೦೩ರಲ್ಲಿ ಮಧುಮೇಹದ ಒಲವನ್ನು ಸೂಚಿಸುವ ಅಂಶವೊಂದು, ಹೆಚ್ಚು ಪುಷ್ಟಿ ಪಡೆದವರ ರಕ್ತದಲ್ಲಿ ಹೆಚ್ಚಾಗಿ ಕಂಡಿತು. ಮಿದುಳಿಗೆ ಹಿತವಾದ ವೇಗ ರಕ್ತನಾಳಗಳಿಗೆ ಹಿತವಲ್ಲ ಎಂಬ ಇಕ್ಕಟ್ಟು ಹೀಗೆ ವೈದ್ಯರ ಮುಂದೆ ಬಂದು ನಿಂತಿತು.

ಈ ಇಕ್ಕಟ್ಟಿನ ಹಿನ್ನೆಲೆಯನ್ನು ತಿಳಿಯಲು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯ ಲೆಡ್ಜರುಗಳ ಕಥೆಯನ್ನು ನೋಡಬೇಕು. ಅಲ್ಲಿ ಸೂಲಗಿತ್ತಿಯರ ಮೇಲ್ವಿಚಾರಕಳಾಗಿದ್ದ ಮಾರ್ಗರೆಟ್ ಬರ್ನ್‌ಸೈಡ್, ೧೯೧೧ರಿಂದ ಪ್ರತಿಯೊಂದು ಶಿಶುವಿನ ತೂಕವನ್ನು ಹುಟ್ಟಿದಾಗಲೂ ಒಂದು ವರ್ಷ ತುಂಬಿದಾಗಲೂ ಬರೆಯಿಸುತ್ತ ಬಂದಳು. ಆ ಪುಸ್ತಕಗಳನ್ನು ಹಿಡಿದು ಡೇವಿಡ್ ಬಾರ್ಕರ್ ೫೬೫೪ ಗಂಡಸರ ಆಯುಷ್ಯವನ್ನು ಶೋಧಿಸಿದನು. ಶೈಶವದಲ್ಲಿ ತೂಕ ಕಡಮೆಯಿದ್ದವರಲ್ಲಿಯೇ ಹೃದ್ರೋಗದ ಮರಣ ಹೆಚ್ಚೆಂದು ೧೯೮೯ರಲ್ಲಿ ಸಾರಿದನು. ಇದು ಆಂಗ್ಲರಿಗೆ ಮಾತ್ರ ಸಲ್ಲುವ ಮಾತೆ, ಬಡತನದಲ್ಲಿ ಹುಟ್ಟಿ ಬೇರೆಯೇ ಆಹಾರದಲ್ಲಿ ಬೆಳೆದ ಜನಕ್ಕೂ ಸಲ್ಲುವುದೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಉತ್ತರಕ್ಕೆ ಬೇಕಾಗಿದ್ದುದು ಅಷ್ಟೇ ಹಳೆಯ, ಅಷ್ಟೇ ಪ್ರಾಮಾಣಿಕವಾದ ಭಾರತೀಯ ದಾಖಲೆ. ಅದು ದೊರೆತುದು ಮೈಸೂರಿನಲ್ಲಿ.

ಮಂಡಿ ಮೊಹಲ್ಲೆಯಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿಗರು 'ಮಿಷನ್ ಆಸ್ಪತ್ರೆ' ಎಂದೇ ಕರೆಯುವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೆಥಾಡಿಸ್ಟ್ ಮಿಷನ್ನಿನವರು ಸ್ಥಾಪಿಸಿದ ಈ ಆಸ್ಪತ್ರೆಯಲ್ಲಿ ೧೯೩೪ರಿಂದ ಹೆರಿಗೆಯ ದಾಖಲೆಗಳು ಉಳಿದುಬಂದಿವೆ. ದಾದಿಯರು ಪ್ರತಿ ಕೂಸಿನ ತೂಕವನ್ನಷ್ಟೇ ಅಲ್ಲದೆ ಉದ್ದವನ್ನೂ ತಲೆಯ ಸುತ್ತಳತೆಯನ್ನೂ, ಜೊತೆಗೆ ತಾಯಿಯ ತೂಕವನ್ನೂ ಬರೆದಿಟ್ಟಿದ್ದರು. ಆ ದಾದಿಯರ ಹೆಸರುಗಳು ಚರಿತ್ರೆಯಲ್ಲಿ ಬಂದಿಲ್ಲ. ಆಸ್ಪತ್ರೆಯ ಆಸುಪಾಸಿನ ಮೊಹಲ್ಲೆಗಳಲ್ಲಿ ಮನೆಮನೆಗೆ ಹೋಗಿ, ಅಲ್ಲಿ ಹುಟ್ಟಿದ್ದವರನ್ನು ಪತ್ತೆಮಾಡಿ, ಪುಸ್ತಕದ ನಮೂದಿನೊಡನೆ ತಾಳೆನೋಡುವ ಕೆಲಸವನ್ನು ಕೆರೊಲಿನ್ ಫಾಲ್, ಕುಮಾರನ್ ಮೊದಲಾದವರು ಕೈಕೊಂಡರು. ೧೯೩೪ರಿಂದ ೧೯೫೪ರೊಳಗೆ ಹುಟ್ಟಿದ ೫೧೭ ಮಂದಿಯ ಪರೀಕ್ಷೆ ನಡೆದು, ೧೯೯೬ರಲ್ಲಿ ಫಲ ಪ್ರಕಟವಾಯಿತು: ೨.೫ ಕಿಲೋಗ್ರಾಂ ಅಥವಾ ಅದಕ್ಕೂ ಕಡಮೆ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದ್ರೋಗ, ೩.೧ ಕಿಲೋಗ್ರಾಂ ಅಥವಾ ಮೇಲ್ಪಟ್ಟವರಲ್ಲಿ ನೂರಕ್ಕೆ ೩ ಮಂದಿಗೆ. ಬಾರ್ಕರನ ಮಾತು ಮೈಸೂರಿಗೂ ಸಂದಿತು.

ಆದರೆ ಅದೇ ಪುಸ್ತಕಗಳು ಮಧುಮೇಹದ ವಿಷಯದಲ್ಲಿ ಬೇರೆಯೇ ನುಡಿದುವು. ೧೯೯೮ರ ವರದಿಯಂತೆ, ಮೈಸೂರಿನಲ್ಲಿ ಮಧುಮೇಹ ಹೆಚ್ಚಿದುದು ಸಣ್ಣ ಕೂಸುಗಳಾಗಿದ್ದವರಲ್ಲಲ್ಲ. ಉದ್ದ ಕಡಮೆಯಾಗಿ, ಉದ್ದಕ್ಕೆ ತೂಕ ಹೆಚ್ಚಾಗಿದ್ದವರಲ್ಲಿ, ಭಾರವಾದ ತಾಯಂದಿರ ಮಕ್ಕಳಲ್ಲಿ. ತಕ್ಕಡಿಯ ಜೊತೆಗೆ ಅಳತೆಪಟ್ಟಿಯೂ ಇಲ್ಲದಿದ್ದರೆ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ. ಪುಣೆಯ ಸಮೀಪದ ಹಳ್ಳಿಗಳಲ್ಲಿ ಡಾ. ಯಾಜ್ಞಿಕ್ ಅವರು ನಡೆಸಿದ ಅಧ್ಯಯನ ಈ ಒಗಟಿಗೆ ಬೆಳಕು ನೀಡುತ್ತದೆ. ಅಲ್ಲಿಯ ಶಿಶುಗಳು ಸರಾಸರಿ ೨.೭ ಕಿಲೋಗ್ರಾಂ, ಇಂಗ್ಲೆಂಡಿನ ಸೌತಾಂಪ್ಟನ್ನಿನವು ೩.೫ ಕಿಲೋಗ್ರಾಂ, ಕೊರತೆ ಬಿದ್ದುದು ಮಾಂಸಖಂಡ ಮತ್ತು ಒಳ ಅಂಗಗಳಲ್ಲಿ, ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟಾಗಿ ಅಲ್ಲ. ನೋಟಕ್ಕೆ ಬಡಕಲು, ಒಳಗೆ ಕೊಬ್ಬು. ದೆಹಲಿಯಲ್ಲಿ ಭಾರ್ಗವ, ಸಚದೇವ ಮೊದಲಾದವರು ಸುಮಾರು ಒಂದೂವರೆ ಸಾವಿರ ತರುಣರ ಬಾಲ್ಯದ ಅಳತೆಗಳನ್ನು ಪರಿಶೀಲಿಸಿ, ಎರಡು ವರ್ಷದವರೆಗೆ ತೆಳ್ಳಗಿದ್ದು ಆಮೇಲೆ ಬಾಲ್ಯದಲ್ಲಿ ಮೈತುಂಬುತ್ತ ಹೋದವರಿಗೇ ಸಕ್ಕರೆಯ ದೋಷ ಬರುವುದೆಂದು ೨೦೦೪ರಲ್ಲಿ ತೋರಿಸಿದರು. ಹರ್ಟ್‌ಫರ್ಡ್, ಮೈಸೂರು, ಪುಣೆ, ದೆಹಲಿ ಇವೆಲ್ಲ ಬಹುಮಟ್ಟಿಗೆ ದಿನ ತುಂಬಿದ ಕೂಸುಗಳ ಚರಿತ್ರೆಗಳೆಂಬುದನ್ನು ಮರೆಯಬಾರದು. ೧೯೩೪ರಲ್ಲಿ ಒಂದು ಕಿಲೋಗ್ರಾಂ ಕೂಸು ಬದುಕುವುದೇ ಅಪೂರ್ವವಾಗಿತ್ತು. ಆದ್ದರಿಂದ ಇವುಗಳ ತೀರ್ಮಾನವನ್ನು ಏಳು ತಿಂಗಳ ಕೂಸಿಗೆ ಹಾಗೆಯೇ ಅನ್ವಯಿಸುವುದು ಅವಸರದ ಕೆಲಸ. ಇಂದಿನ ವೈದ್ಯರ ಒಲವು ಇಷ್ಟು: ತೀರ ಅಕಾಲದಲ್ಲಿ ಹುಟ್ಟಿದ ಶಿಶುವಿಗೆ ಮಿದುಳಿನ ಹಿತವೇ ಮುಂದು, ಅದರ ಹಾಲಿಗೆ ಪುಷ್ಟಿ ಸೇರಿಸಬೇಕು, ದಿನ ತುಂಬಿದ ಸಣ್ಣ ಕೂಸನ್ನು ಅವಸರದಿಂದ ದಪ್ಪಗಾಗಿಸಬೇಕಾಗಿಲ್ಲ.

ಬಡ ದೇಶಗಳ ಆಸ್ಪತ್ರೆಗಳು ಈ ನಡುವೆ ತಮ್ಮದೇ ದಾರಿ ಹುಡುಕಿಕೊಂಡಿದ್ದುವು. ಕೊಲಂಬಿಯಾದ ಬೊಗೊಟಾದಲ್ಲಿ ಕಾವುಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯ ೧೯೭೮ರ ಸುಮಾರಿಗೆ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದನು; ಬೆಚ್ಚನೆಯೂ ಹಾಲೂ ಒಂದೇ ಕಡೆ ದೊರೆತುವು. ಮುಂಬಯಿಯಲ್ಲಿ, ಕನ್ನಡಿಗರ ಹಳೆಯ ನೆಲೆಯಾದ ಮಾಟುಂಗಕ್ಕೆ ತಾಗಿರುವ ಶೀವದ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ ಅವರು ೧೯೮೯ರಲ್ಲಿ ಏಷ್ಯಾದಲ್ಲಿಯೇ ಮೊದಲನೆಯದೆಂದು ಹೆಸರಾದ ಎದೆಹಾಲಿನ ಭಾಂಡಾರವನ್ನು ತೆರೆದರು. ಹೊಸ ಪಿಡುಗಾದ ಏಡ್ಸ್ ರೋಗದ ಭಯದಿಂದ ಪಶ್ಚಿಮದ ಹಲವು ಭಾಂಡಾರಗಳು ಬಾಗಿಲು ಮುಚ್ಚುತ್ತಿದ್ದ ಕಾಲವದು. ೬೨.೫ ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಕಾಯಿಸಿದ ಹಾಲು ಆ ಭಯಕ್ಕೆ ಉತ್ತರವಾಯಿತು. ಕೊಳವೆ ಬಿಟ್ಟು ಮೊಲೆ ಹಿಡಿಯುವ ನಡುವಿನ ದಿನಗಳಲ್ಲಿ, ಸೀಸೆಯನ್ನು ದೂರವಿಟ್ಟು, ಭಾರತದ ಶಿಶುವಾರ್ಡುಗಳು ಬಳಸುವ ಮೂತಿಯುಳ್ಳ ಪುಟ್ಟ ಬಟ್ಟಲಿಗೆ ವೈದ್ಯರು ತಮಿಳಿನ 'ಪಾಲಾಡೈ' ಎಂಬ ಹೆಸರನ್ನೇ ಬಳಸುವರು. ಕನ್ನಡದ ಮನೆಗಳಲ್ಲಿ ಅದು ತಲೆತಲಾಂತರದಿಂದ ಬಂದ ಒಳಲೆ.

೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ, ಹುಟ್ಟಿದೊಡನೆಯೇ ತಾಯಿಯ ಎದೆಗೆ ಸೇರಿಸಿದ ಕೂಸುಗಳ ಸಾವು ನೂರಕ್ಕೆ ೧೫.೭ರಿಂದ ೧೨ಕ್ಕೆ ಇಳಿಯಿತು. ಬ್ಯುದಾಂ ಒಳಗೆ ಕರೆದಿದ್ದ ತಾಯಿ ನೂರಿಪ್ಪತ್ತು ವರ್ಷಗಳ ಮೇಲೆ ವಾರ್ಡಿನ ಒಳಗೆ ಹಾಸಿಗೆಯನ್ನೇ ಪಡೆದಳು. ತಕ್ಕಡಿ ಈಗಲೂ ಅಲ್ಲಿಯೇ ಇದೆ. ದಿನವೂ ಬಟ್ಟೆ ತೆಗೆದು ಕೂಸನ್ನು ಅದರ ಮೇಲಿಡುತ್ತಾರೆ. ವಾರಕ್ಕೊಮ್ಮೆ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ತೆಗೆದು, ಮೈಸೂರಿನ ದಾದಿಯರು ೧೯೩೪ರಲ್ಲಿ ಮಾಡಿದಂತೆ, ತೂಕದ ಪಕ್ಕದಲ್ಲಿ ಬರೆಯುತ್ತಾರೆ.